ಗೋಡೆಯಾಚೆಗೆ ಹರಿದ ನೀರು

2023ರ ಜುಲೈ 14, ಶುಕ್ರವಾರ. ಶ್ರೀಹರಿಕೋಟಾದ ವೀಕ್ಷಣಾ ಗ್ಯಾಲರಿಯಲ್ಲಿ ಸಾವಿರಾರು ಜನರ ನಡುವೆ ನಾನು, ನಮ್ಮವರು ಮತ್ತು ಮಗಳು ಕುಳಿತಿದ್ದೆವು. ಪ್ರಯಾಣಿಕರಾದ್ದರಿಂದ ಜುಮಾದ ಬದಲು ಜೊಹರ್ ಕಸ್ರ್ ಮಾಡಿಕೊಂಡು ಬಂದಿದ್ದೆವು. ಸಮುದ್ರದ ಸೆಖೆಗೆ ಬುರ್ಖಾ ಬೆನ್ನಿಗೆ ಅಂಟಿಕೊಂಡಿತ್ತು. ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಸರಿಯಾಗಿ ಮರಗಳ ಆಚೆ ಬೆಂಕಿ ಕಾಣಿಸಿತು. ಚಂದ್ರಯಾನ-3ನ್ನು ಹೊತ್ತ ರಾಕೆಟ್ ಮೇಲೇರಿತು. ಮೊದಲು ಬೆಳಕು ಬಂತು, ಸದ್ದು ಆಮೇಲೆ ಬಂತು. ಎದೆಯೊಳಗೇ ಯಾರೋ ಡೋಲು ಬಾರಿಸಿದಂತಾಯಿತು. ನನ್ನ ಬಾಯಿಂದ ತಾನಾಗಿ 'ಸುಬ್‌ಹಾನಲ್ಲಾಹ್' ಹೊರಟಿತು.

ಎಲ್ಲರೂ ಮೇಲೆ ನೋಡುತ್ತಿದ್ದಾಗ ಮಗಳು ಮಾತ್ರ ಕೆಳಗೆ, ಬಿಳಿ ಹೊಗೆ ಹಬ್ಬುತ್ತಿದ್ದ ಕಡೆಗೆ ನೋಡುತ್ತಿದ್ದಳು.

"ಅಮ್ಮಿ, ಈಗ ಜೋರಾಗಿ ಮಳೆ ಬಂದರೆ ಆ ನೆಲದ ಮೇಲಿನ ನೀರೆಲ್ಲ ಎಲ್ಲಿಗೆ ಹೋಗುತ್ತೆ?"

ನನಗೆ ಸಿಟ್ಟೇ ಬಂತು. ಕೊರಟಗೆರೆಯಿಂದ ಬಸ್ಸು ಹತ್ತಿ ಬೆಂಗಳೂರು, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಚೆನ್ನೈ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಸೂಳ್ಳೂರುಪೇಟೆ. ಇಷ್ಟು ದೂರ ಬಂದು ಚಂದ್ರನ ದಾರಿ ನೋಡುವುದು ಬಿಟ್ಟು ಚರಂಡಿಯ ಮಾತೇ? ಆದರೆ ಅವಳ ತಪ್ಪಲ್ಲ. ಆಗ ಅವಳು ತುಮಕೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷಕ್ಕೆ ಕಾಲಿಟ್ಟಿದ್ದಳು. ಮಳೆನೀರಿನ ಚರಂಡಿಗಳೇ ಅವಳ ಪ್ರಾಜೆಕ್ಟ್. ರಾಕೆಟ್ ಹುಚ್ಚು ಇದ್ದದ್ದು ನಮ್ಮವರಿಗೆ. ಒಂದು ಸಲವಾದರೂ ಕಣ್ಣಾರೆ ನೋಡಬೇಕೆಂಬ ಅವರ ಆಸೆಗೆ ಮಗಳೇ ಇಂಟರ್‌ನೆಟ್ಟಿನಲ್ಲಿ ಹೆಸರು ನೋಂದಾಯಿಸಿದ್ದಳು.

ಅವಳ ಆ ಪ್ರಶ್ನೆ ನಮ್ಮ ಜೊತೆಗೇ ರೈಲು ಹತ್ತಿ ಮನೆಗೆ ಬಂತು. ಒಂದು ವರ್ಷ ಸುಮ್ಮನಿತ್ತು. ಆಮೇಲೆ ನಮ್ಮ ಹಿತ್ತಲಲ್ಲೇ ಎದ್ದು ನಿಂತಿತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಆ ದ್ವೀಪದ ವಿಷಯ. ಶ್ರೀಹರಿಕೋಟಾ ಮೊದಲು ನೆಲ್ಲೂರು ಜಿಲ್ಲೆಯಲ್ಲಿತ್ತು, 2022ರಿಂದ ತಿರುಪತಿ ಜಿಲ್ಲೆಗೆ ಸೇರಿದೆ. ಪೂರ್ವಕ್ಕೆ ಬಂಗಾಳ ಕೊಲ್ಲಿ, ಪಶ್ಚಿಮಕ್ಕೆ ಪುಲಿಕಾಟ್ ಸರೋವರ. ಒಡಿಶಾದ ಚಿಲಿಕಾ ಬಿಟ್ಟರೆ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ ಇದೇ. ಚಳಿಗಾಲದಲ್ಲಿ ರಾಜಹಂಸಗಳು ಬರುವುದು ಇಲ್ಲಿಗೇ. ಸೂಳ್ಳೂರುಪೇಟೆಯಿಂದ ದ್ವೀಪಕ್ಕೆ ಹೋಗುವ ರಸ್ತೆ ಈ ಸರೋವರವನ್ನು ಸೀಳಿಕೊಂಡು ಹೋಗುತ್ತದೆ. ಸರೋವರದ ಮೀನು, ಸೀಗಡಿಗಳನ್ನೇ ನಂಬಿದ ಬೆಸ್ತರ ಊರುಗಳು ಸುತ್ತಲೂ ಇವೆ. 1971ರ ಅಕ್ಟೋಬರ್‌ನಲ್ಲಿ ಇಲ್ಲಿಂದ ಮೊದಲ ಪುಟ್ಟ ರಾಕೆಟ್ ಹಾರಿತು. 2002ರಲ್ಲಿ ಕೇಂದ್ರಕ್ಕೆ ಸತೀಶ್ ಧವನ್ ಅವರ ಹೆಸರಿಟ್ಟರು. ಅದರ ಹರವು 175 ಚದರ ಕಿಲೋಮೀಟರ್.

ವಾಪಸಾಗುವಾಗ ಮಗಳು ರೈಲಿನಲ್ಲೇ ಟಿಕೆಟ್ಟಿನ ಹಿಂದೆ ಲೆಕ್ಕ ಬರೆದು ತೋರಿಸಿದಳು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. ಹಾಗಾದರೆ ಆ ದ್ವೀಪದಲ್ಲಿ ಒಂದು ಸೆಂಟಿಮೀಟರ್ ಮಳೆಯಾದರೆ 175 ಕೋಟಿ ಲೀಟರ್. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನಲ್ಲಿ ಆ ಕರಾವಳಿಗೆ ಚಂಡಮಾರುತಗಳೂ ಬರುತ್ತವೆ. ಆಗ ಬೀಳುವುದು ಒಂದು ಸೆಂಟಿಮೀಟರ್ ಅಲ್ಲ. ಅಷ್ಟೂ ನೀರು ಒಂದೋ ಮರಳಿನಲ್ಲಿ ಇಂಗಬೇಕು, ಇಲ್ಲವೇ ಸರೋವರಕ್ಕೋ ಸಮುದ್ರಕ್ಕೋ ಹರಿಯಬೇಕು.

"ಹರಿದರೆ ಹರಿಯಲಿ ಬಿಡು, ಮಳೆನೀರು ತಾನೇ" ಎಂದೆ.

"ಮಳೆನೀರು ಶುದ್ಧವೇ ಅಮ್ಮಿ. ಆದರೆ ಅದು ನೆಲದ ಮೇಲೆ ಏನಿದೆಯೋ ಅದನ್ನೆಲ್ಲ ತೊಳೆದುಕೊಂಡು ಹೋಗುತ್ತಲ್ಲ."

ನಾವು ನೋಡಿದ ರಾಕೆಟ್ಟಿನ ಎರಡು ಪಕ್ಕಗಳಲ್ಲಿದ್ದ ದಪ್ಪ ಕೊಳವೆಗಳಲ್ಲಿ ತಲಾ 200 ಟನ್‌ಗೂ ಹೆಚ್ಚು ಘನ ಇಂಧನವಿತ್ತು. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಅಮೋನಿಯಂ ಪರ್ಕ್ಲೋರೇಟ್ ಎಂಬ ಲವಣ, ಉಳಿದದ್ದು ಅಲ್ಯೂಮಿನಿಯಂ ಪುಡಿ ಮತ್ತು ರಬ್ಬರಿನಂಥ ಅಂಟು. ಉರಿದಾಗ ಬರುವ ಬಿಳಿ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಅದು ನೀರಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ನಾವು ಕಕ್ಕಸು ತೊಳೆಯಲು ತರುವ ಆಸಿಡ್ ಬಾಟಲಿಯಲ್ಲಿ ಇರುವಂಥದ್ದೇ. ಸಾಲದ್ದಕ್ಕೆ, ರಾಕೆಟ್ಟಿನ ಸದ್ದಿಗೇ ರಾಕೆಟ್ಟು ಅದುರಿ ಹಾಳಾಗಬಾರದೆಂದು ದೊಡ್ಡ ಉಡಾವಣಾ ವೇದಿಕೆಗಳ ಮೇಲೆ ಅದೇ ಗಳಿಗೆಯಲ್ಲಿ ನೀರು ಸುರಿಯುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ 1981ರಿಂದ 2011ರವರೆಗೆ ಹಾರಿದ ಸ್ಪೇಸ್ ಶಟಲ್‌ಗೆ ಪ್ರತಿ ಸಲವೂ ಹೀಗೆ 11 ಲಕ್ಷ ಲೀಟರ್‌ಗೂ ಹೆಚ್ಚು ನೀರು ಬೇಕಾಗುತ್ತಿತ್ತು. ಹೊಗೆಯ ಆಮ್ಲ ಬೆರೆತ ಹನಿಗಳು ಪಕ್ಕದ ಆಳವಿಲ್ಲದ ಹಿನ್ನೀರಿಗೆ ಬಿದ್ದು, ಉಡಾವಣೆಯ ನಂತರ ಚಿಕ್ಕ ಮೀನುಗಳು ಸತ್ತು ತೇಲಿದ್ದನ್ನು ಅಲ್ಲಿನ ವಿಜ್ಞಾನಿಗಳೇ ದಾಖಲಿಸಿದ್ದಾರೆ.

ಇತ್ತೀಚಿನ ಉದಾಹರಣೆಯೂ ಇದೆ. ಟೆಕ್ಸಾಸ್‌ನ ಬೋಕಾ ಚಿಕಾ ಕಡಲತೀರದಲ್ಲಿ ಸ್ಪೇಸ್‌ಎಕ್ಸ್ ಕಂಪೆನಿ 2023ರಲ್ಲಿ ಇಂಥದೇ ನೀರಿನ ವ್ಯವಸ್ಥೆ ಮಾಡಿತು. ಬಳಸಿದ ನೀರನ್ನು ಪರವಾನಗಿ ಇಲ್ಲದೆ ಹೊರಬಿಟ್ಟಿತೆಂದು 2024ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1,48,378 ಡಾಲರ್ ದಂಡ ಹಾಕಿತು. ಕುಡಿಯುವ ನೀರನ್ನೇ ಬಳಸಿದ್ದೇವೆ, ಯಾರಿಗೂ ಹಾನಿಯಾಗಿಲ್ಲ ಎಂಬುದು ಕಂಪೆನಿಯ ವಾದವಾಗಿತ್ತು. ನೀರು ಬಂದಾಗ ಹೇಗಿತ್ತು ಎಂಬುದಷ್ಟೇ ಮುಖ್ಯವಲ್ಲ, ಹೋಗುವಾಗ ಏನನ್ನು ಹೊತ್ತುಕೊಂಡು ಹೋಯಿತು ಎಂಬುದೂ ಮುಖ್ಯ ಎನ್ನುವುದು ಕಾನೂನಿನ ಮಾತು.

ಹೆಂಗಸರಾದ ನಾವು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಪರ್ಕ್ಲೋರೇಟ್ ಅಡುಗೆ ಉಪ್ಪಿನಂತೆ ಸಲೀಸಾಗಿ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿಗೆ ಸೇರಿದರೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಗರ್ಭದಲ್ಲಿರುವ ಕೂಸಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಸರಿಯಾಗಿರಬೇಕು. ರಾಕೆಟ್ ಹಾರುವಾಗ ಈ ಲವಣ ಬಹುಪಾಲು ಉರಿದುಹೋಗುತ್ತದೆ. ಭಯವಿರುವುದು ಅದನ್ನು ತಯಾರಿಸುವ, ಬೆರೆಸುವ, ದಾಸ್ತಾನು ಮಾಡುವ ಜಾಗಗಳಲ್ಲಿ. ಕೇರಳದ ಆಲುವಾ ಸಮೀಪ ಇದನ್ನು ತಯಾರಿಸುವ ಘಟಕದ ಹತ್ತಿರದ ಬಾವಿಗಳಲ್ಲಿ ಪರ್ಕ್ಲೋರೇಟ್ ಕಂಡುಬಂದು, ಅಲ್ಲಿನ ಮನೆಗಳಿಗೆ ಬೇರೆ ಕಡೆಯಿಂದ ಕೊಳಾಯಿ ನೀರು ಕೊಡಬೇಕಾಯಿತು.

ಹಾಗಾದರೆ ಉಪಾಯವೇನು? ಮಗಳು ಹೇಳಿದ್ದು ನಾಲ್ಕೇ ಮಾತು. ಒಂದು, ಕೊಳೆಯಾಗುವ ಜಾಗದ ಮೇಲೆ ಮಳೆಯೇ ಬೀಳದಂತೆ ಸೂರು ಹಾಕುವುದು. ಎರಡು, ಬೇರೆಡೆಯ ಶುದ್ಧ ನೀರು ಅಲ್ಲಿಗೆ ನುಗ್ಗದಂತೆ ಸುತ್ತ ಕಟ್ಟೆ ಕಟ್ಟುವುದು. ಮೂರು, ಮೊದಲ ಮಳೆಯ ನೀರನ್ನು ಹೊರಬಿಡದೆ, ತಳದಿಂದ ಇಂಗದಂಥ ಹೊಂಡದಲ್ಲಿ ಹಿಡಿದಿಡುವುದು, ಏಕೆಂದರೆ ಬಹುಪಾಲು ಕೊಳೆ ಬರುವುದು ಮೊದಲ ಮಳೆಯಲ್ಲೇ. ನಾಲ್ಕು, ಆ ನೀರನ್ನು ಪರೀಕ್ಷೆ ಮಾಡಿ, ಆಮ್ಲವಿದ್ದರೆ ಸರಿಪಡಿಸಿ, ಎಣ್ಣೆಯಿದ್ದರೆ ತೆಗೆದು, ಆಮೇಲಷ್ಟೇ ಬಿಡುವುದು. ದ್ವೀಪದಂಥ ಮರಳು ನೆಲದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಇಂಗಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಅದು ಕೆಟ್ಟರೆ ಬದಲಿ ಇಲ್ಲ.

ಕೇಳಿಸಿಕೊಂಡ ನಮ್ಮವರು, "ಇದೇನು ಹೊಸದಲ್ಲ, ನಮ್ಮ ಕಡೆ ಹಿರಿಯರು ಮಾಡಿದ್ದೂ ಇದನ್ನೇ" ಎಂದರು. ನಿಜ. ದೇವರಾಯನದುರ್ಗದ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಶಿಂಷಾ ಆಗಿ ಕಾವೇರಿಗೆ, ಇನ್ನೊಂದು ಪಾಲು ಜಯಮಂಗಲಿಯಾಗಿ ನಮ್ಮ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹಾದು ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿಗೆ. ಅದನ್ನೇ ಅಲ್ಲಿನವರು ಪೆನ್ನಾ ಅನ್ನುತ್ತಾರೆ. ಪೆನ್ನಾ ಸಮುದ್ರ ಸೇರುವುದು ನೆಲ್ಲೂರಿನ ಹತ್ತಿರ, ಶ್ರೀಹರಿಕೋಟಾಕ್ಕೆ ಉತ್ತರದಲ್ಲಿ, ಅದೇ ಬಂಗಾಳ ಕೊಲ್ಲಿಯನ್ನು. ನಮ್ಮೂರ ಪಕ್ಕದ ಸುವರ್ಣಮುಖಿಯ ಹೆಸರಿನದೇ ಇನ್ನೊಂದು ನದಿ ಅಲ್ಲಿಯೂ ಇದೆ, ತಿರುಪತಿ ಕಡೆಯಿಂದ ಕಾಳಹಸ್ತಿಯ ಮೇಲೆ ಹರಿದು ಅದೇ ಕಡಲಿಗೆ ಸೇರುತ್ತದೆ.

ಓಡಿ ಹೋಗುವ ಈ ನೀರನ್ನು ನಿಲ್ಲಿಸಲು ಹಿರಿಯರು ಊರೂರಿಗೆ ಕೆರೆ ಕಟ್ಟಿದರು. ಬೇಕಾದಷ್ಟು ಬಿಡಲು ತೂಬು, ಹೆಚ್ಚಾದದ್ದು ಏರಿ ಒಡೆಯದೆ ಹೋಗಲು ಕೋಡಿ, ಅಲ್ಲಿಂದ ಕೆಳಗಿನ ಕೆರೆಗೆ ಕಾಲುವೆ. ಮರಳು ನೆಲದಲ್ಲಿ ಜಿನುಗುವ ನೀರಿಗೆ ತಲಪರಿಗೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯವರಿಗೆ ಈ ಮಾತು ಗೊತ್ತು. ತಲಪರಿಗೆಯ ಹೂಳನ್ನು ಊರವರೆಲ್ಲ ಸೇರಿ ತೆಗೆಯುತ್ತಿದ್ದರು. ಅದರ ತಲೆಯ ಮೇಲೆ ಯಾರೂ ಕೊಳೆ ಚೆಲ್ಲುತ್ತಿರಲಿಲ್ಲ. ಕೆಳಗೆ ಕುಡಿಯುವವರು ಇದ್ದಾರೆಂಬ ಎಚ್ಚರ ಮೇಲಿನವರಿಗಿತ್ತು.

ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ ನಮ್ಮವರದು ಬ್ಯಾಟರಿ ರಿಪೇರಿಯ ಕಸುಬು.

ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು. ಟ್ರ್ಯಾಕ್ಟರ್, ಆಟೋ, ಯುಪಿಎಸ್ ಬ್ಯಾಟರಿಗಳು ಬರುತ್ತವೆ. ಇಪ್ಪತ್ತು ವರ್ಷದಿಂದ ಅದೇ ನಮ್ಮ ಅನ್ನ. ಹಳೆಯ ಬ್ಯಾಟರಿ ಬಿಚ್ಚಿ, ಒಳಗಿನ ಆಸಿಡ್ಡನ್ನು ಗೋಡೆಯ ಮೂಲೆಗೆ ಸುರಿದು, ಸೀಸದ ಪ್ಲೇಟುಗಳನ್ನು ತೊಳೆದು ಗುಜರಿಗೆ ಹಾಕುತ್ತಿದ್ದರು. ಆ ಮೂಲೆಯಲ್ಲಿ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಮಣ್ಣಿನ ಮೇಲೆ ಬೂದು ಬಣ್ಣದ ಹೊಪ್ಪಳೆ ಕಟ್ಟಿತ್ತು. ಎಷ್ಟು ಸುರಿದರೂ ಮಣ್ಣು ಕುಡಿಯುತ್ತದೆ ಎಂದುಕೊಂಡಿದ್ದೆವು.

ಗೋಡೆಯಾಚೆ ಒಬ್ಬ ಅಜ್ಜಿಯ ಮನೆ, ಹಿಂದೆ ಅವರ ಅಡಿಕೆ ತೋಟ, ನಡುವೆ ಒಂದು ಹಳೆಯ ಬಾವಿ. ನಾನು ಮದುವೆಯಾಗಿ ಬಂದಾಗಿನಿಂದ ಅಜ್ಜಿ ನನ್ನನ್ನು ಬೂಬಮ್ಮ ಅಂತಲೇ ಕರೆಯುವುದು. ನಮ್ಮ ಎರಡು ಹಿತ್ತಲುಗಳ ನಡುವೆ ಒಂದು ಸಣ್ಣ ಬಾಗಿಲಿದೆ. ಹಬ್ಬದ ದಿನ ಶೀರ್ ಖುರ್ಮಾ ಆ ಕಡೆಗೂ, ಯುಗಾದಿಯ ಹೋಳಿಗೆ ಈ ಕಡೆಗೂ ಆ ಬಾಗಿಲಿನಿಂದಲೇ ಬರುತ್ತಿದ್ದವು. ಅಜ್ಜಿ ಒಂದೆರಡು ಸಲ ಹೇಳಿದ್ದುಂಟು: "ಈ ಗೋಡೆ ಪಕ್ಕ ಏನಿಟ್ರೂ ಬರಲ್ಲ ಕಣೆ ಬೂಬಮ್ಮ. ಕನಕಾಂಬರ ಇಟ್ಟೆ, ಸುಟ್ಟೋಯ್ತು. ಕರಿಬೇವು ಇಟ್ಟೆ, ಒಣಗ್ತು. ಯಾರ ಕಣ್ಣು ಬಿದ್ದೈತೋ."

ಆಗ ನಾನು, "ಕುರಿಗೊಬ್ಬರ ಹಾಕಿ ನೋಡಿ ಅಜ್ಜಿ" ಎಂದಿದ್ದೆ. ಆ ಮಾತು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

2023ರಲ್ಲಿ ರಾಜ್ಯದಲ್ಲಿ ಬರ. ನಾವು ಶ್ರೀಹರಿಕೋಟಾದಿಂದ ಬಂದ ಮೇಲೆ ಆ ವರ್ಷ ಹಿತ್ತಲಲ್ಲಿ ನೀರು ಹರಿದದ್ದೇ ನೆನಪಿಲ್ಲ. ಮೂಲೆಗೆ ಸುರಿದದ್ದೆಲ್ಲ ಅಲ್ಲೇ ಕೂತಿತ್ತು. 2024ರ ಮೇ ತಿಂಗಳ ಒಂದು ಸಂಜೆ, ಅಸರ್ ಆದ ಮೇಲೆ ಮೋಡ ಕಟ್ಟಿ ಮಳೆ ಹೊಡೆಯಿತು. ಬರಗಾಲ ಕಳೆದು ಬಂದ ಮಳೆ. ನಾನು ಬಾಗಿಲಲ್ಲಿ ನಿಂತು ದುಆ ಮಾಡುತ್ತಿದ್ದೆ. ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದ ಮಗಳು ಟಾರ್ಚ್ ಹಿಡಿದು ಹಿತ್ತಲಿಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಗೋಡೆಯ ಬುಡದಲ್ಲಿ ಕೂತಿದ್ದಾಳೆ.

ತಗಡಿನ ಮೇಲಿನ ನೀರೆಲ್ಲ ಶೆಡ್ಡಿನ ಮುಂದೆ ಬಿದ್ದು, ಆ ಮೂಲೆಗೆ ಹೋಗಿ, ಗೋಡೆಯ ಬುಡದ ತೂತಿನಿಂದ ಅಜ್ಜಿಯ ಹಿತ್ತಲಿಗೆ ಹರಿಯುತ್ತಿತ್ತು. ಬೂದು ನೀರು. ಅದರ ಮೇಲೆ ಎಣ್ಣೆಯ ಬಣ್ಣಗಳು. ಆಚೆ ಹದಿನೈದು ಹೆಜ್ಜೆಗೆ ಬಾವಿ.

ಕಾಲೇಜಿನಿಂದ ತಂದಿದ್ದ ಪರೀಕ್ಷೆಯ ಕಾಗದದ ಚೂರೊಂದನ್ನು ಅವಳು ಆ ನೀರಿಗೆ ಅದ್ದಿದಳು. ಕ್ಷಣದಲ್ಲಿ ಕೆಂಪಾಯಿತು. "ಅಮ್ಮಿ, ನಮ್ಮ ಸೂರು ಸಾವಿರ ಚದರಡಿ. ಐದು ಸೆಂಟಿಮೀಟರ್ ಮಳೆಯಾದರೆ 4,600 ಲೀಟರ್ ನೀರು. ಅಷ್ಟೂ ಈ ಮೂಲೆಯನ್ನು ತೊಳೆದುಕೊಂಡು ಅಜ್ಜಿಯ ಮನೆಗೆ ಹೋಗುತ್ತಿದೆ."

ರಾತ್ರಿ ಊಟಕ್ಕೆ ಕೂತಾಗ ಮಾತು ಬೆಳೆಯಿತು. ನಮ್ಮವರು ಒಪ್ಪಲಿಲ್ಲ. "ದೊಡ್ಡ ದೊಡ್ಡ ಕಾರ್ಖಾನೆಯವರೇ ಬಿಡುತ್ತಾರೆ. ನನ್ನ ಎರಡು ಬಕೆಟ್ ಆಸಿಡ್‌ನಿಂದ ಏನಾಗುತ್ತೆ?"

"ಎರಡು ಬಕೆಟ್ ಅಲ್ಲ ಅಬ್ಬಾ, ಇಪ್ಪತ್ತು ವರ್ಷ" ಎಂದಳು ಮಗಳು. ಆಮೇಲೆ ಮೆಲ್ಲಗೆ ವಿವರಿಸಿದಳು. ಆಸಿಡ್ ಒಂದು ತೊಂದರೆ, ಅದರ ಜೊತೆ ಬರುವ ಸೀಸ ಅದಕ್ಕಿಂತ ದೊಡ್ಡ ತೊಂದರೆ. ಆಸಿಡ್ಡಿಗೆ ಸುಣ್ಣ ಹಾಕಿದರೆ ಅದು ಶಾಂತವಾಗುತ್ತದೆ. ಸೀಸ ಎಲ್ಲಿಗೂ ಹೋಗುವುದಿಲ್ಲ. ಮಕ್ಕಳ ದೇಹಕ್ಕೆ ಸೇರಿದರೆ ಮಿದುಳಿಗೆ ಹಾನಿ. ಮಕ್ಕಳಿಗೆ ಇಷ್ಟು ಸೀಸವಾದರೆ ಪರವಾಗಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ.

ನಾನು ಎದ್ದು ಕೈ ತೊಳೆದೆ. ಅಜ್ಜಿಯ ಮನೆಯಲ್ಲಿ ಸೊಸೆಗೆ ಆರು ತಿಂಗಳ ಕೂಸಿತ್ತು.

ನಮ್ಮ ಸೀಮೆಯಲ್ಲಿ ಕೊಳವೆ ಬಾವಿಯ ನೀರಿಗೆ ಫ್ಲೋರೈಡಿನ ಕಾಟ, ಪಾವಗಡದಲ್ಲಂತೂ ಹಲ್ಲು ಮೂಳೆಗಳ ತೊಂದರೆ ಎಷ್ಟೋ ಮನೆಗಳಲ್ಲಿದೆ. ಅದಕ್ಕೇ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವುದು ರೂಢಿ. ಅಜ್ಜಿಯ ಮನೆಯಲ್ಲೂ ಹಾಗೇ. ಆದರೆ ಅಡುಗೆಗೆ, ಸ್ನಾನಕ್ಕೆ, ಕರುವಿಗೆ ಬಾವಿಯ ನೀರೇ. ಆ ಬಾವಿಯಲ್ಲಿ ಫ್ಲೋರೈಡ್ ಇಲ್ಲವೆಂದು ಅಜ್ಜಿಗೆ ದೊಡ್ಡ ಅಭಿಮಾನ.

ರಾತ್ರಿಯಿಡೀ ನಿದ್ರೆ ಬರಲಿಲ್ಲ. ನಮ್ಮವರೂ ಹೊರಳಾಡುತ್ತಿದ್ದರು. "ಅವರಿಗೆ ಗೊತ್ತೇ ಇಲ್ಲ. ನಾವಾಗಿ ಹೇಳಿ ಜಗಳ ತಂದುಕೊಳ್ಳುವುದೇಕೆ? ನಾಳೆಯಿಂದ ಸರಿಮಾಡೋಣ, ಅಷ್ಟೇ ಸಾಕು" ಎಂದರು. ಅವರ ಮಾತಿನಲ್ಲಿ ದುಷ್ಟತನ ಇರಲಿಲ್ಲ, ಹೆದರಿಕೆ ಇತ್ತು. ಇಂದಿನ ಕಾಲದಲ್ಲಿ ಇಂಥ ವಿಷಯ ಬೀದಿಗೆ ಬಂದರೆ ಎರಡು ಮನೆಯ ಜಗಳವಾಗಿ ಉಳಿಯುತ್ತದೆಂಬ ನಂಬಿಕೆ ಇಲ್ಲ. ಆ ಹೆದರಿಕೆ ನನಗೂ ಇತ್ತು.

ಆದರೆ ನಾವು ಚಿಕ್ಕಂದಿನಿಂದ ಕಲಿತದ್ದೇನು? ಅಲ್ಲಾಹನಿಗೆ ಸಲ್ಲಬೇಕಾದದ್ದರಲ್ಲಿ ಕೊರತೆಯಾದರೆ ಅವನು ಕರುಣಾಮಯಿ, ತೌಬಾ ಮಾಡಿದರೆ ಕ್ಷಮಿಸುತ್ತಾನೆ. ಮನುಷ್ಯರ ಹಕ್ಕಿನಲ್ಲಿ ಕೊರತೆ ಮಾಡಿದರೆ ಆ ಮನುಷ್ಯರ ಬಳಿಯೇ ಹೋಗಬೇಕು. ಹಕ್ಕುಲ್ ಇಬಾದ್ ಎಂದರೆ ಇದೇ. ನೆರೆಯವರಿಗೆ ತೊಂದರೆ ಕೊಡುವವರ ಬಗ್ಗೆ ಪ್ರವಾದಿವರ್ಯರು(ಸ) ಎಷ್ಟು ಕಟುವಾಗಿ ಎಚ್ಚರಿಸಿದ್ದಾರೆಂದು ಎಷ್ಟು ಇಜ್ತಿಮಾಗಳಲ್ಲಿ ಕೇಳಿಲ್ಲ? ಹರಿಯುವ ಹೊಳೆಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿಸಿದ ಧರ್ಮ ನಮ್ಮದು. ನಾನು ದಿನಕ್ಕೆ ಐದು ಸಲ ಒಂದು ಮಗ್ಗಿನಲ್ಲಿ ವುಝೂ ಮಾಡಿ ನೀರು ಉಳಿಸುತ್ತೇನೆಂದು ಹೆಮ್ಮೆಪಡುತ್ತಿದ್ದೆ. ಗೋಡೆಯಾಚೆಗೆ ಹೋಗುತ್ತಿದ್ದ ನೀರನ್ನು ನೋಡಿಯೇ ಇರಲಿಲ್ಲ.

ಫಜ್ರ್ ಆದ ಮೇಲೆ, "ನೀವು ಬನ್ನಿ, ಇಲ್ಲದಿದ್ದರೆ ನಾನೊಬ್ಬಳೇ ಹೋಗುತ್ತೇನೆ" ಎಂದೆ. ಅವರು ಬಂದರು.

ಅಜ್ಜಿ ಕೊಟ್ಟಿಗೆಯಲ್ಲಿದ್ದರು. ನಾವು ಹೇಳುವುದನ್ನೆಲ್ಲ ಸಗಣಿ ಕೈಯಲ್ಲೇ ನಿಂತು ಕೇಳಿದರು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾವಿಯ ಕಡೆ ತಿರುಗಿ ನೋಡಿದರು.

"ಕೂಸಿಗೆ ದಿನಾ ಆ ನೀರೇ ಕಾಯ್ಸಿ ಹುಯ್ಯೋದು ಕಣಮ್ಮ" ಎಂದರು. ಅಷ್ಟೇ. ಸೊಸೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ರಾತ್ರಿ ಅಜ್ಜಿಯ ಮಗ ಬಂದ. ಕೂಗಾಡಲಿಲ್ಲ. "ನಿಮ್ಮನ್ನ ನಂಬಿದ್ವಲ್ಲ ಸಾಬ್ರೇ" ಎಂದು ಹೇಳಿ ಹೋದ. ಕೂಗಾಡಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಮರುದಿನ ಹಿತ್ತಲಿನ ಆ ಸಣ್ಣ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿದ್ದಿತ್ತು. ನಾವು ತರಿಸಿ ಕಳಿಸಿದ ನೀರಿನ ಕ್ಯಾನುಗಳು ಮುಟ್ಟದೆ ಜಗಲಿಯ ಮೇಲೆ ಹಾಗೇ ಇದ್ದವು.

ಬಾವಿಯ ನೀರು, ನಮ್ಮ ಮೂಲೆಯ ಮಣ್ಣು, ಗೋಡೆಯಾಚೆಯ ಮಣ್ಣು, ಮೂರನ್ನೂ ಮಗಳು ತನ್ನ ಮೇಷ್ಟ್ರ ಸಹಾಯದಿಂದ ಪ್ರಯೋಗಾಲಯಕ್ಕೆ ಕೊಟ್ಟಳು. ಕೂಸನ್ನು ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ, ಖರ್ಚು ನಮ್ಮದು ಎಂದು ಅಜ್ಜಿಯ ಮಗನಿಗೆ ಹೇಳಿದೆವು. ಅವನು ಮಾಡಿಸಿದ. ಫಲಿತಾಂಶ ಬರುವವರೆಗಿನ ಆ ದಿನಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಪ್ರತಿ ನಮಾಜಿನ ಸಜ್ದಾದಲ್ಲೂ ಆ ಕೂಸಿನ ಮುಖವೇ ಕಾಣುತ್ತಿತ್ತು.

ಅಲ್‌ಹಮ್ದುಲಿಲ್ಲಾಹ್, ಕೂಸಿನ ರಕ್ತದಲ್ಲಿ ಚಿಂತೆ ಪಡುವಂಥದ್ದೇನೂ ಇರಲಿಲ್ಲ. ಬಾವಿಯ ನೀರೂ ಮಿತಿಯೊಳಗೇ ಇತ್ತು. ಸೀಸ ಸಾಮಾನ್ಯವಾಗಿ ಮೇಲ್ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದಂತೆ, ಬೇಗ ಆಳಕ್ಕೆ ಇಳಿಯುವುದಿಲ್ಲ. ಆದರೆ ಆಸಿಡ್ ಬೀಳುತ್ತಲೇ ಇದ್ದರೆ ಆ ಹಿಡಿತ ಸಡಿಲವಾಗುತ್ತದೆ. ಗೋಡೆಯ ಎರಡೂ ಕಡೆಯ ಮಣ್ಣಿನಲ್ಲಿ ಸೀಸ ಬಹಳವಿತ್ತು. ಇನ್ನೊಂದಷ್ಟು ವರ್ಷ ಹೀಗೇ ಬಿಟ್ಟಿದ್ದರೆ ಬಾವಿಯ ಗತಿ ಏನಾಗುತ್ತಿತ್ತೋ.

ಆಮೇಲೆ ಮಾಡಿದ್ದು ಮಗಳು ರೈಲಿನಲ್ಲಿ ಹೇಳಿದ ಆ ನಾಲ್ಕು ಮಾತುಗಳನ್ನೇ. ತಗಡಿನ ಸೂರಿಗೆ ದೋಣಿ ಕಟ್ಟಿಸಿ, ಮಳೆನೀರು ಶೆಡ್ಡಿನ ನೆಲ ಮುಟ್ಟದೆ ಮನೆಯ ಮುಂಭಾಗಕ್ಕೆ ಹೋಗುವಂತೆ ಮಾಡಿದೆವು. ಶೆಡ್ಡಿನ ನೆಲಕ್ಕೆ ಕಾಂಕ್ರೀಟು ಹಾಕಿಸಿ, ಸುತ್ತ ಒಂದು ಗೇಣು ಎತ್ತರದ ಕಟ್ಟೆ ಕಟ್ಟಿಸಿದೆವು. ಗೋಡೆಯ ತೂತು ಮುಚ್ಚಿಸಿದೆವು. ಹಳೆಯ ಎಂಜಿನ್ ಆಯಿಲ್ ಈಗ ಮುಚ್ಚಳವಿರುವ ಡ್ರಮ್ಮಿಗೆ.

ದೊಡ್ಡ ನಿರ್ಧಾರ ನಮ್ಮವರದು. ಬ್ಯಾಟರಿ ಬಿಚ್ಚುವುದನ್ನೇ ನಿಲ್ಲಿಸಿಬಿಟ್ಟರು. ಹಳೆಯ ಬ್ಯಾಟರಿಯನ್ನು ಮಾರಾಟಗಾರರಿಗೆ ಹಿಂದಿರುಗಿಸಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. 2022ರಲ್ಲಿ ಅದರ ಬದಲು ಇನ್ನೂ ಬಿಗಿಯಾದ ನಿಯಮ ಬಂತು. ನಮಗೆ ಅದು ಗೊತ್ತಿರಲಿಲ್ಲ ಎನ್ನುವುದು ನೆಪವಷ್ಟೇ. ಈಗ ಚಾರ್ಜ್ ಮಾಡುವುದು, ಹೊಸದು ಮಾರುವುದು, ಹಳೆಯದನ್ನು ಹಾಗೇ ವಾಪಸು ಕಳಿಸುವುದು ಇಷ್ಟೇ. ಸೀಸ ಮಾರಿ ಬರುತ್ತಿದ್ದ ಹಣ ನಿಂತಿತು. ಸಂಸಾರದ ಕೈ ಬಿಗಿಯಾಯಿತು. ನಾನು ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತೆ. ಹಲಾಲ್ ಎಂದರೆ ಮಾಂಸದ ವಿಷಯ ಮಾತ್ರವಲ್ಲವಲ್ಲ.

ಬಗೆಹರಿಯದೆ ಉಳಿದದ್ದು ಮಣ್ಣು. ಮುಖಕ್ಕೆ ಬಟ್ಟೆ, ಕೈಗೆ ಕವಚ ಹಾಕಿ, ಧೂಳೇಳದಂತೆ ನೀರು ಚಿಮುಕಿಸಿ, ಗೋಡೆಯ ಎರಡೂ ಕಡೆ ಅರ್ಧ ಅಡಿ ಮಣ್ಣು ತೆಗೆದು ಪ್ಲಾಸ್ಟಿಕ್ ಒಳಪದರವಿರುವ ಚೀಲಗಳಿಗೆ ತುಂಬಿದೆವು. ಅಜ್ಜಿಯ ಕಡೆಗೆ ಹೊರಗಿನಿಂದ ಒಳ್ಳೆಯ ಮಣ್ಣು ತಂದು ಹಾಕಿದೆವು. ಆದರೆ ತೆಗೆದ ಮಣ್ಣನ್ನು ಎಲ್ಲಿ ಹಾಕುವುದು? ಕೆರೆಯಂಗಳಕ್ಕೆ ಸುರಿದರೆ ಇನ್ನೊಬ್ಬರ ಬಾವಿ. ಇಂಥದನ್ನು ಸಾಗಿಸಲು ಪರವಾನಗಿ ಇರುವವರು ಹತ್ತಿಪ್ಪತ್ತು ಚೀಲಕ್ಕಾಗಿ ಬರುವುದಿಲ್ಲ. ಹಾಗಾಗಿ ಅವು ಈಗಲೂ ನಮ್ಮ ಶೆಡ್ಡಿನ ಒಳಗೆ, ಮಳೆ ತಾಗದ ಮೂಲೆಯಲ್ಲಿ, ಟಾರ್ಪಾಲಿನ ಕೆಳಗಿವೆ. ದಿನವೂ ಕಣ್ಣಿಗೆ ಬೀಳುತ್ತವೆ. ಬೀಳಲಿ. 'ಆಚೆ ಬಿಸಾಡು' ಎನ್ನುತ್ತೇವಲ್ಲ, ಆ 'ಆಚೆ' ಎನ್ನುವುದು ಯಾರದೋ ಮನೆ ಎಂಬುದನ್ನು ಆ ಚೀಲಗಳು ನೆನಪಿಸುತ್ತವೆ.

ಮಳೆಗಾಲ ಬಲಿತ ಮೇಲೆ ಒಂದು ಮಧ್ಯಾಹ್ನ, ಮಳೆ ಸುರಿಯುತ್ತಿರುವಾಗಲೇ, ಹಿತ್ತಲಿನ ಬಾಗಿಲ ಚಿಲಕ ಸದ್ದಾಯಿತು. ಗೊಪ್ಪೆ ಹಾಕಿಕೊಂಡ ಅಜ್ಜಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಸೀದಾ ಗೋಡೆಯ ಬುಡಕ್ಕೆ ಹೋಗಿ ಬಗ್ಗಿ ನೋಡಿದರು.

"ಈಗ ಎಲ್ಲಿಗೆ ಹೋಗ್ತೈತೆ ನೀರು?"

ಶ್ರೀಹರಿಕೋಟಾದಲ್ಲಿ ಮಗಳು ಕೇಳಿದ್ದ ಪ್ರಶ್ನೆಯೇ! ನಾನು ದೋಣಿ ತೋರಿಸಿದೆ, ಕಟ್ಟೆ ತೋರಿಸಿದೆ, ಮನೆಯ ಮುಂದೆ ತೊಟ್ಟಿಗೆ ಬೀಳುತ್ತಿದ್ದ ತಿಳಿನೀರು ತೋರಿಸಿದೆ. ಅಜ್ಜಿ ಆ ನೀರಿಗೆ ಕೈಯೊಡ್ಡಿ ಸ್ವಲ್ಪ ಹೊತ್ತು ನಿಂತರು. "ಹೂಂ" ಎಂದು ಹೋದರು. ಬಾಗಿಲಿಗೆ ಮತ್ತೆ ಚಿಲಕ ಹಾಕಲಿಲ್ಲ. ಕನಕಾಂಬರ ಇನ್ನೂ ಇಟ್ಟಿಲ್ಲ. ಅದಕ್ಕೆ ಸಮಯ ಬೇಕು. ಕೇಳುವ ಅಧಿಕಾರ ನನಗಿಲ್ಲ.

ಮಗಳೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಶ್ರೀಹರಿಕೋಟಾದಲ್ಲಿ ಮೂರನೇ ಉಡಾವಣಾ ವೇದಿಕೆಗೆ 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ತಮಿಳುನಾಡಿನ ಕುಲಶೇಖರಪಟ್ಟಣಂ ಕಡಲತೀರದಲ್ಲಿ ಹೊಸ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ನಮ್ಮ ಮಕ್ಕಳೂ ಇಂಥ ಕೆಲಸಗಳಿಗೆ ಹೋಗಲಿ, ರಾಕೆಟ್ ಮಾಡಲಿ, ಚಂದ್ರನಿಗೆ ಕಳಿಸಲಿ. ಜೊತೆಗೆ, ಎಲ್ಲರೂ ಮೇಲೆ ನೋಡುತ್ತಿರುವಾಗ ಕೆಳಗಿನ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವವರೂ ಅವರಲ್ಲಿ ಇರಲಿ. ಹಾಗೆ ಕೇಳಿದವರನ್ನು ನನ್ನಂತೆ ಗದರಿಸಬೇಡಿ.

ಸಹೋದರಿಯರೇ, ಮುಂದಿನ ಮಳೆ ಬಂದಾಗ ಒಂದು ಕೊಡೆ ಹಿಡಿದು ನಿಮ್ಮ ಹಿತ್ತಲಿಗೆ ಹೋಗಿ. ಕಕ್ಕಸಿನ ಆಸಿಡ್ ಬಾಟಲಿ, ಹೊಲಕ್ಕೆ ಹೊಡೆದ ಔಷಧಿಯ ಡಬ್ಬ, ಗಾಡಿಯ ಹಳೆಯ ಆಯಿಲ್, ಬಣ್ಣದ ಡಬ್ಬಗಳು ಎಲ್ಲಿವೆ ನೋಡಿ. ಅವುಗಳ ಮೇಲಿಂದ ಹಾದ ನೀರು ಯಾರ ಮನೆಯ ಕಡೆ ಹೋಗುತ್ತದೆಂದು ಅದರ ಹಿಂದೆಯೇ ನಾಲ್ಕು ಹೆಜ್ಜೆ ನಡೆಯಿರಿ. ಮಳೆ ಅಲ್ಲಾಹನ ರಹ್ಮತ್. ಅವನು ಅದನ್ನು ಶುದ್ಧವಾಗಿಯೇ ಕಳಿಸುತ್ತಾನೆ. ನಮ್ಮ ಅಂಗಳ ದಾಟಿ ನೆರೆಯವರಿಗೆ ತಲುಪುವಾಗಲೂ ಅದು ಶುದ್ಧವಾಗಿರುವಂತೆ ನೋಡಿಕೊಳ್ಳುವುದು ನಮ್ಮ ಮೇಲಿರುವ ಅಮಾನತ್.